ಉದ್ದಮಾಳದ ದಾರಿ

ಮಾರ್ಲ್‌ಕೋಟ್ ಎಂಬ ಊರಿಗೆ ಹೇಳಿಕೊಳ್ಳುವಂಥ ಇತಿಹಾಸ ಇತ್ತೋ ಇಲ್ಲವೋ, ಬೇಲಿಯಂತೂ ಇತ್ತು. ಇಂಗ್ಲೆಂಡಿನ ಪಡುವಣ ಸೀಮೆಯ ತಗ್ಗಿನಲ್ಲಿ ಒಂದಿಷ್ಟು ಹುಲ್ಲುಮಾಡಿನ ಮನೆಗಳು, ಒಂದು ಹೆಂಡದಂಗಡಿ, ಆಚೆ ತುದಿಯಲ್ಲಿ ಚರ್ಚು. ನಡುವೆ ಉದ್ದಮಾಳ ಎಂಬ ಹುಲ್ಲುಗಾವಲು. ಉದ್ದಮಾಳವನ್ನು ಹಾಯ್ದರೆ ಚರ್ಚು ಕೂಗಳತೆ. ಹಾಯುವಂತಿಲ್ಲದ್ದರಿಂದ ಊರವರು ಹೊಳೆಯಂಚಿನ ಓಣಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಚಳಿಗಾಲದಲ್ಲಿ ಹೊಳೆ ಉಕ್ಕಿ ಓಣಿಗೇ ಬರುತ್ತಿತ್ತು.

ಹಿಂದೆ ಉದ್ದಮಾಳ ಎಲ್ಲರದ್ದೂ ಆಗಿತ್ತು. ಬಡವರ ಹಸು, ಮುದುಕಿಯರ ಹೆಬ್ಬಾತು ಅಲ್ಲೇ ಮೇಯುತ್ತಿದ್ದವು. ರೂಬೆನ್ ಟ್ಯಾರಂಟನ ತಾತನ ಕಾಲದಲ್ಲಿ ದೊಡ್ಡವರೆಲ್ಲ ಸೇರಿ ಲಂಡನ್ನಿನಿಂದ ಒಂದು ಕಾಯಿದೆ ತಂದರು, ಸರಪಳಿ ಹಿಡಿದು ಅಳೆದರು, ಮುಳ್ಳುಬೇಲಿ ನೆಟ್ಟರು. ಉದ್ದಮಾಳ ಟ್ಯಾರಂಟರ ಪಾಲಿಗೆ ಬಂತು, ಹೆಬ್ಬಾತಿನ ಮುದುಕಿಯರಿಗೆ ಚೊಂಬು. ಕಾನೂನು ಎಂದು ಹೆಸರಿಟ್ಟುಬಿಟ್ಟರೆ ಯಾವ ಕೆಲಸಕ್ಕೂ ಮಾನ ಬಂದುಬಿಡುತ್ತದೆ.

ಹೀಗೆ ಬಂದ ಆಸ್ತಿಯ ಜೊತೆ ಅಂಜಿಕೆಯೂ ಬಂತು. ಒಂದು ನೆಲದ ಮೇಲೆ ಒಮ್ಮೆ ಹೆಣ ಹೊತ್ತು ಚರ್ಚಿಗೆ ಹೋದರೆ ಅದು ಪ್ರಳಯದವರೆಗೆ ಊರಿನ ದಾರಿ, ಮತ್ತೆ ಮುಚ್ಚಲು ಯಾರಿಂದಲೂ ಆಗದು ಎಂಬುದು ಆ ಸೀಮೆಯವರ ಗಟ್ಟಿ ನಂಬಿಕೆ. ಹಾಗೇನೂ ಇಲ್ಲವೆಂದು ಪಾದ್ರಿ ಆಗಾಗ ಹೇಳುತ್ತಿದ್ದ. ಆದರೆ ಹೊಲಗದ್ದೆಯ ವಿಷಯಕ್ಕೆ ಪಾದ್ರಿಯ ಮಾತು ಯಾರು ಕೇಳುತ್ತಾರೆ? ಟ್ಯಾರಂಟರು ತಮ್ಮ ಮನೆಯ ಹೆಣಗಳನ್ನೂ ಓಣಿಯಲ್ಲೇ ಸುತ್ತಿಸಿ ಒಯ್ದರು. ರೂಬೆನ್ನನ ಅಪ್ಪ ಸಾಯುವಾಗ ಮಗನ ಮಣಿಕಟ್ಟು ಹಿಡಿದುಕೊಂಡು ಹೇಳಿದ್ದೂ ಇಷ್ಟೇ: "ಹೆಣ ಮಾತ್ರ ಬಿಡಬೇಡ ಕಣೋ."

ನೂರು ವರ್ಷಕ್ಕೂ ಹಿಂದೆ, ಹಳೆಯ ರಾಣಿ ಇನ್ನೂ ಬದುಕಿದ್ದ ಕಾಲ. ಒಂದು ವರ್ಷ ಫೆಬ್ರವರಿಯಲ್ಲಿ ಈಲೈ ಸ್ಟಿಕ್‌ಲ್ಯಾಂಡ್ ಸತ್ತ. ಟ್ಯಾರಂಟರ ಹಸುಗಳನ್ನು ಹುಡುಗನಾಗಿದ್ದಾಗಿನಿಂದ ಕಾಯ್ದು, ಕರೆದು, ಅದರಲ್ಲೇ ಮುದುಕನಾದವನು. ಅವನನ್ನು ಹೊತ್ತ ಆರು ಜನ ಉದ್ದಮಾಳದ ಗೇಟಿನ ಮುಂದೆ ಬಂದು ನಿಂತರು. ಹಿಂದೆ ಅವನ ಹೆಂಡತಿ ಡ್ಯಾಮರಿಸ್, ಯಾರಿಂದಲೋ ಇಸಿದುಕೊಂಡ ಕಪ್ಪು ಟೋಪಿಯಲ್ಲಿ. ಗೇಟಿನ ಒಳಗಡೆ ರೂಬೆನ್.

"ತೆಗಿಯಪ್ಪಾ ರೂಬೆನ್," ಎಂದ ಮುಂಬದಿಯ ಹೆಗಲು ಕೊಟ್ಟಿದ್ದ ಬಡಗಿ ಸೈಲಸ್. "ಓಣೀಲಿ ಸೊಂಟದ ಮಟ್ಟ ನೀರಿದೆ."

ರೂಬೆನ್ ಬಾಯಿ ತೆರೆಯುವ ಮೊದಲೇ ಅಂಗಳದಿಂದ ಅವನ ತಾಯಿ ಜೆರೂಷಾ ಕೂಗಿದಳು. "ತೆಗೆದೀಯ, ಜೋಕೆ! ಇವತ್ತು ಈಲೈ ಹೋಗ್ತಾನೆ, ನಾಳೆ ಊರ ದನ ಹೋಗತ್ತೆ, ನಾಡಿದ್ದು ಹೊಲವೇ ಹೋಗತ್ತೆ!"

"ಒಬ್ಬೊಬ್ರೂ ಒಂದೊಂದು ಗುಂಡುಸೂಜಿ ಗೇಟಿಗೆ ಚುಚ್ಚಿ ಹೋಗ್ತೀವಿ," ಎಂದ ಸೈಲಸ್. "ಸುಂಕ ಕೊಟ್ಟು, ನಿನ್ನ ಅಪ್ಪಣೆ ತಗೊಂಡು ಹೋದಂಗಾಯ್ತು. ದಾರಿ ಊರಿಂದಾಗಲ್ಲ, ನಿಂದೇ ಉಳಿಯತ್ತೆ. ಹಿಂದಿನೋರು ಮಾಡ್ತಿರಲಿಲ್ವಾ?"

ಡ್ಯಾಮರಿಸ್ ಮುಂದೆ ಬಂದಳು. "ದಿನಾ ಬೆಳಿಗ್ಗೆ ಈ ಗೇಟು ತೆಗೀತಿದ್ದೋನು ಅವನೇ ಕಣಪ್ಪಾ. ಇವತ್ತೊಂದು ದಿನ ಅವನಿಗೆ ನೀನು ತೆಗಿ."

ರೂಬೆನ್ನನ ಕೈ ಚಿಲಕದ ಮೇಲೇ ಇತ್ತು. ಬೆನ್ನ ಹಿಂದೆ ತಾಯಿ, ತಲೆಯೊಳಗೆ ಅಪ್ಪ. "ಆಗಲ್ಲ, ಡ್ಯಾಮರಿಸ್. ಬೇರೆ ಏನಾದ್ರೂ ಕೇಳು. ಬೇಕಾದ್ರೆ ಗಾಡಿ ಕೊಡ್ತೀನಿ, ಓಣೀಲಿ ಗಾಡಿ ಮೇಲೆ ಒಯ್ಯಿರಿ."

"ಗಾಡೀಲಿ ಹೇರಿಕೊಂಡು ಹೋಗೋಕೆ ಅವನೇನು ಗೊಬ್ಬರವಾ?" ಎಂದಳು ಡ್ಯಾಮರಿಸ್.

ಅವರು ಓಣಿಗೆ ಇಳಿದರು. ರೂಬೆನ್ ಬೇಲಿಯ ಮೇಲಿಂದ ನೋಡುತ್ತ ನಿಂತ. ಅರ್ಧ ದಾರಿಯಲ್ಲಿ ಯಾರದೋ ಕಾಲು ಚರಂಡಿಗೆ ಜಾರಿತು. ಹೆಣದ ಪೆಟ್ಟಿಗೆ ವಾಲಿ ನೀರಿಗೆ ಬಿದ್ದು, ತೇಲಿ, ಹೊಳೆಯ ಕಡೆಗೆ ತಿರುಗಿತು. ಗಂಡಸರು ತಡವರಿಸುತ್ತಿದ್ದಾಗ ಡ್ಯಾಮರಿಸ್ ನೀರಿಗೆ ನುಗ್ಗಿ ಅದರ ಹಗ್ಗದ ಹಿಡಿಯನ್ನು ಹಿಡಿದುಕೊಂಡಳು. ಎದೆಮಟ್ಟದ ನೀರಿನಲ್ಲಿ ಗಂಡನ ಪೆಟ್ಟಿಗೆಯನ್ನು ಎರಡೂ ತೋಳಿನಿಂದ ತಬ್ಬಿಕೊಂಡು, "ಹೋಗಬೇಡ್ವೋ, ಹೋಗಬೇಡ್ವೋ" ಎನ್ನುತ್ತಿದ್ದಳು. ಗಂಡಸರು ಬಂದು ಪೆಟ್ಟಿಗೆಯನ್ನು ಮತ್ತೆ ಹೆಗಲಿಗೆ ಎತ್ತುವಷ್ಟರಲ್ಲಿ ಕಪ್ಪು ಟೋಪಿ ಹೊಳೆಯ ಪಾಲಾಗಿತ್ತು. ರೂಬೆನ್ ಓಡಿಹೋಗಬೇಕಿತ್ತು. ಓಡಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ನಿಂತ, ನಿಂತಲ್ಲೇ ನಾಚಿಕೆಯಿಂದ ಸತ್ತ.

ಮರುದಿನ ರೂಬೆನ್ ಡ್ಯಾಮರಿಸ್ ಮನೆಗೆ ಹಾಲು ಕಳಿಸಿದ. ಕೆನೆಗಟ್ಟಿದ ಹಾಲು ಹಾಗೇ ವಾಪಸು ಬಂತು. ಸೌದೆ ಹಾಕಿಸಿದ. ಅದು ಅವಳ ಬಾಗಿಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿತ್ತು. ಕಡೆಗೆ ಪಾದ್ರಿಯ ಹತ್ತಿರ ಹೋಗಿ, ಆ ಹೆಣದ ಕಾನೂನು ನಿಜವೇ ಎಂದು ಕೇಳಿದ.

"ನಾನು ಬಡಕೊಳ್ತಾನೇ ಇದೀನಲ್ಲಯ್ಯಾ," ಎಂದ ಪಾದ್ರಿ. "ಅಂಥ ಕಾನೂನು ಎಲ್ಲೂ ಇಲ್ಲ. ಎಂದೂ ಇರಲಿಲ್ಲ."

ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಏನನ್ನೋ ಉಳಿಸಿಕೊಳ್ಳಲು ಪಾಪ ಮಾಡಿದೆ ಎಂದಾದರೂ ಅಂದುಕೊಳ್ಳಬಹುದಿತ್ತು. ಈಗ ಯಾವುದಕ್ಕೂ ಅಲ್ಲದೆ ಮಾಡಿದಂತಾಯಿತು. ರೂಬೆನ್ ಮನೆಗೆ ಬಂದವನೇ ಗೇಟನ್ನು ಕೀಲಿನಿಂದ ಕಿತ್ತು ಗೋಡೆಗೆ ಒರಗಿಸಿದ. ಹೆಂಡದಂಗಡಿಗೆ ಹೋಗಿ, ಇನ್ನು ಮೇಲೆ ಯಾರು ಬೇಕಾದರೂ ಉದ್ದಮಾಳದಲ್ಲಿ ಓಡಾಡಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಒಬ್ಬನೂ ಕಾಲಿಡಲಿಲ್ಲ.

"ನೀನಂದ್ರೆ ದಾರಿ ಆಗೋಯ್ತಾ?" ಎಂದ ಸೈಲಸ್, ಲೋಟದಿಂದ ಮುಖ ಎತ್ತದೆ. "ನಾಳೆ ನಿನ್ನ ಮಗ ಬೇಡ ಅಂದ್ರೆ? ಹೆಣ ಹೋಗಿದ್ಯಾ ಅಲ್ಲಿ? ಅಷ್ಟು ಹೇಳು."

ಮೇ ತಿಂಗಳಲ್ಲಿ ಜೆರೂಷಾ ಹಾಸಿಗೆ ಹಿಡಿದಳು. ಮಗನ ತಲೆಯಲ್ಲಿ ಏನು ಓಡುತ್ತಿದೆಯೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನನ್ನ ಓಣೀಲೇ ಒಯ್ಯಬೇಕು. ನನ್ನ ಹೆಣದಿಂದ ನಿಮ್ಮಪ್ಪನ ಹೊಲ ಕಳೀಬೇಡ. ಆಯ್ತು ಅನ್ನು."

"ಆಯ್ತಮ್ಮಾ," ಎಂದ ರೂಬೆನ್.

"ಕಣ್ಣಲ್ಲಿ ಕಣ್ಣಿಟ್ಟು ಅನ್ನು."

ಹಾಗೂ ಅಂದ. ಆಕೆ ಅದನ್ನು ನಂಬಿ, ನೆಮ್ಮದಿಯಾಗಿ ಸತ್ತಳು.

ಮೆರವಣಿಗೆ ಹೊರಟಾಗ ಓಣಿ ಒಣಗಿತ್ತು, ಬೇಲಿಯ ತುಂಬ ಬಿಳಿ ಹೂವು. ನೀರಿನ ನೆಪವೂ ಇರಲಿಲ್ಲ. ಗೇಟಿಲ್ಲದ ಕಂಬಗಳ ಮುಂದೆ ರೂಬೆನ್ ಬಲಕ್ಕೆ ತಿರುಗಿದ. ಇನ್ನೊಂದು ಹೆಗಲು ಕೊಟ್ಟಿದ್ದ ಸೈಲಸ್ ತಡೆದು ನಿಂತ.

"ಯೋಚ್ನೆ ಮಾಡಿದೀಯೇನಯ್ಯಾ? ಆಮೇಲೆ ಹಿಂದಕ್ಕೆ ತಗೊಳ್ಳೋಕಾಗಲ್ಲ."

"ನಡಿ ಅಂದೆ."

ಹುಲ್ಲಿನ ಮೇಲೆ ಹೆಜ್ಜೆ ಹಾಕುತ್ತ ರೂಬೆನ್ ಅಳುತ್ತಿದ್ದ. ತಾಯಿ ಹೋದಳೆಂದು ಅಳುತ್ತಿದ್ದಾನೆ ಎಂದುಕೊಂಡರು ಊರವರು. ಹೆತ್ತವಳಿಗೆ ಅವಳ ಕೊನೆಗಾಲದಲ್ಲಿ ಸುಳ್ಳು ಹೇಳಿ, ಅವಳು ಬೇಡವೆಂದ ನೆಲದ ಮೇಲೆ ಅವಳನ್ನೇ ಹೊತ್ತು ಸಾಗಿಸುವವನ ಸಂಕಟ ಅವರಿಗೆ ಹೇಗೆ ತಿಳಿಯಬೇಕು? ಒಂದು ತಪ್ಪು ತೊಳೆಯಲು ಇನ್ನೊಂದು ಮಾಡಿದ್ದ. ತೊಳೆದೀತೆಂಬ ಆಸೆ ಒಂದೇ ಅವನನ್ನು ಚರ್ಚಿನವರೆಗೆ ನಡೆಸಿತು.

ಆ ಸಂಜೆಯೇ ಮಕ್ಕಳು ಉದ್ದಮಾಳದಲ್ಲಿ ಕೇಕೆ ಹಾಕುತ್ತ ಓಡಿದವು. ಭಾನುವಾರ ಹೆಂಗಸರು ಒಳ್ಳೆಯ ಬಟ್ಟೆ ಉಟ್ಟು ಅದೇ ದಾರಿಯಲ್ಲಿ ಚರ್ಚಿಗೆ ಹೋದರು. ಕೆಲವೇ ವಾರಗಳಲ್ಲಿ ಹುಲ್ಲು ಸವೆದು ಕಾಲುದಾರಿ ಬಿತ್ತು. ಪರ ಊರಿನವರು ಬಂದರೆ, ಹೆತ್ತ ತಾಯಿಯನ್ನು ಹೊತ್ತು ಊರಿಗೆ ದಾರಿ ಬಿಟ್ಟುಕೊಟ್ಟ ಪುಣ್ಯಾತ್ಮ ಇವನೇ ಎಂದು ರೂಬೆನ್ನನನ್ನು ತೋರಿಸುತ್ತಿದ್ದರು. ಈಲೈಯ ಪೆಟ್ಟಿಗೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಊರಿನ ಇತಿಹಾಸ ಎಂದರೆ ಹೀಗೇ, ಹೇಳಲು ಚೆನ್ನಾಗಿರುವುದಷ್ಟೇ ಉಳಿಯುತ್ತದೆ.

ಡ್ಯಾಮರಿಸ್ ಒಬ್ಬಳು ಮಾತ್ರ ಓಣಿಯಲ್ಲೇ ಸುತ್ತಿಕೊಂಡು ಹೋಗುತ್ತಿದ್ದಳು. ರೂಬೆನ್ ತಿಂಗಳುಗಟ್ಟಲೆ ನೋಡಿದ. ಒಂದು ಭಾನುವಾರ ತಡೆಯಲಾರದೆ ಓಣಿಗೇ ಹೋಗಿ, ಟೋಪಿ ಕೈಯಲ್ಲಿ ಹಿಡಿದು ಅವಳ ಎದುರು ನಿಂತ.

"ಡ್ಯಾಮರಿಸ್, ಒಂದೇ ಒಂದು ಸಲ ಆ ಕಡೆಯಿಂದ ಹೋಗು. ನಿನ್ನ ಕಾಲಿಗೆ ಬೀಳ್ತೀನಿ. ಅಮ್ಮನಿಗೆ ಕೊಟ್ಟ ಮಾತು ಮುರಿದಿದ್ದು ನಿನಗೋಸ್ಕರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ನನಗೋಸ್ಕರ ಅಲ್ಲ ಕಣಪ್ಪಾ. ನಿನಗೆ ನಿದ್ದೆ ಬರಲಿ ಅಂತ." ಉಸಿರು ತೆಗೆದುಕೊಂಡಳು. "ಹೆಣ ಯಾವ ಕಡೆ ಹೋಗತ್ತೋ ಆ ಕಡೆ ದಾರಿ ಆಗತ್ತೆ ಅಂತ ತಾನೇ ನೀವು ಹೆದರಿದ್ದು? ನನ್ನೋನು ಹೋಗಿದ್ದು ಇಲ್ಲಿ. ನನ್ನ ದಾರಿ ಇದೇ. ಸರಿ, ಜಾಗ ಬಿಡು, ಗಂಟೆ ಹೊಡೀತಿದೆ."

ರೂಬೆನ್ ಬೇಲಿಯ ಮುಳ್ಳಿಗೆ ಬೆನ್ನು ಒತ್ತಿ ನಿಂತು ದಾರಿ ಬಿಟ್ಟ. ಅವಳು ಹೋದಳು. ಅವನೂ ಚರ್ಚಿಗೆ ಹೋಗಬೇಕಿತ್ತು. ಅವಳ ಹಿಂದೆ ಆ ಓಣಿಯಲ್ಲಿ ನಡೆಯುವ ಯೋಗ್ಯತೆ ತನಗಿಲ್ಲ ಎನಿಸಿ ಹಿಂದಿರುಗಿ ಉದ್ದಮಾಳಕ್ಕೆ ಹತ್ತಿದ. ಮುಂದೆ ಸೈಲಸ್‌ನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಚರ್ಚಿಗೆ ಹೋಗುತ್ತಿದ್ದವಳು ಅವನನ್ನು ಕಂಡು ನಿಂತು, ಮುಖ ಅರಳಿಸಿದಳು.

"ದೇವರು ನಿನ್ನ ಚೆನ್ನಾಗಿಟ್ಟಿರಲಿ, ರೂಬೆನ್. ನಿನ್ನಂಥೋನು ಊರಿಗೊಬ್ಬ ಇದ್ರೆ ಸಾಕು."

ಮಕ್ಕಳು ಅವನನ್ನೇ ನೋಡುತ್ತಿದ್ದವು. "ನಿಮ್ಮನ್ನೂ ಚೆನ್ನಾಗಿಟ್ಟಿರಲಿ," ಎಂದು ಹೇಳಿ ಅವರ ಜೊತೆಯಲ್ಲೇ ನಡೆದ.