ಮೇಸ್ತ್ರಿ ನುಂಗಿದ ಮಾತ್ರೆಗಳು

ಬಾಳೂರಿನ ಆಚೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಉಮೇಶನ ಗಂಟಲಲ್ಲಿ ಒಂದು ಊರೇ ವಾಸವಾಗಿತ್ತು. ಜೀಪು ಏರು ಹತ್ತಲಾರದೆ ಕೆಮ್ಮುವುದು, ಸಾಹುಕಾರರು ಕೆಮ್ಮಿ ಜೀಪಿನಂತಾಗುವುದು, ಬೆಳಗಿನ ಹಾಜರಿಗೆ 'ಬಂದೆ' ಅನ್ನುವಾಗ ಆಳುಗಳು ಒಬ್ಬೊಬ್ಬರೂ ಎಳೆಯುವ ರಾಗ, ಎಲ್ಲವನ್ನೂ ಅವನು ಅಣಕಿಸಬಲ್ಲ. ಅದಕ್ಕೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಹಾಜರಿ ಕೂಗುವ ಗುರುವಯ್ಯ ಮೇಸ್ತ್ರಿ. ಈಗ ಆ ಗುರುವಯ್ಯ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದ. ಹೊಟ್ಟೆಪಾಡಿಗೆ ಗುಡ್ಡ ಹತ್ತಿದವನ ಹೊಟ್ಟೆಯ ಪಾಡು ನೋಡುವಂತಿರಲಿಲ್ಲ.

ಪ್ಯಾಕೆಟ್ ಸಾರಾಯಿ ಅವನ ಲಿವರನ್ನು ಕೆಡಿಸಿತ್ತು. ಕುಡಿತವನ್ನು ಅವನು ಬಿಟ್ಟಿದ್ದ, ಕುಡಿತ ಅವನನ್ನು ಬಿಟ್ಟಿರಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ, ಆ ನೀರಿಗೆ ಸೋಂಕು ತಗುಲಿ, ಮಾತು ಅಡ್ಡಾದಿಡ್ಡಿಯಾಗಿತ್ತು. ಮಾಮೂಲಿ ಇಂಜೆಕ್ಷನ್ ಯಾವುದೂ ಕೆಲಸ ಮಾಡಲಿಲ್ಲ.

ಮೊದಲು ಏನೇನು ಮಾತ್ರೆ ತಗೊಂಡಿದ್ದ ಎಂದು ಡಾಕ್ಟರಮ್ಮ ಕೇಳಿದಾಗ ಉಮೇಶ ಎಸ್ಟೇಟಿನ ಪದ್ಧತಿ ಹೇಳಿದ. ಕೊಯ್ಲಿನಲ್ಲಿ ಯಾರಿಗೆ ಜ್ವರ ಬಂದರೂ ಮೂಡಿಗೆರೆಯ ಮೆಡಿಕಲ್ ಶಾಪಿನಿಂದ ತಂದಿಟ್ಟ ಆ್ಯಂಟಿಬಯಾಟಿಕ್ ಮಾತ್ರೆ ಕೊಡುತ್ತಿದ್ದರು. ಕರುಳು ಸುಡುತ್ತದೆಂದು ಆಳುಗಳಿಗೆ ಭಯ. ಆಗ ಮೇಸ್ತ್ರಿ ಎದುರಿಗೆ ನಿಂತು ತಾನೊಂದು ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದ. ಆಮೇಲೆ ಅವರು ನುಂಗುತ್ತಿದ್ದರು. ಜ್ವರ ಒಬ್ಬರಿಗೆ, ಮಾತ್ರೆ ಇಬ್ಬರಿಗೆ. ವರ್ಷ ವರ್ಷವೂ ಹಾಗೇ, ಈ ಕೊಯ್ಲಿನಲ್ಲೂ. ಮೇಸ್ತ್ರಿಯ ಗಂಟಲಗಂಟು ಹೇಗೆ ಮೇಲೆ ಕೆಳಗೆ ಹಾರುತ್ತಿತ್ತೆಂದು ಉಮೇಶ ಮಾಡಿಯೂ ತೋರಿಸಿದ. ಡಾಕ್ಟರಮ್ಮ ನಗಲಿಲ್ಲ.

"ಅದೊಂದೇ ಕಾರಣ ಅಂತ ಹೇಳಲ್ಲ," ಅಂದರು. "ಆದ್ರೆ ಹೀಗೆ ಒಂದೊಂದೇ ನುಂಗ್ತಾ ಹೋದ್ರೆ ರೋಗಾಣು ಪೂರ್ತಿ ಸಾಯಲ್ಲ, ಮದ್ದಿನ ಪರಿಚಯ ಮಾಡ್ಕೊಳ್ಳುತ್ತೆ. ಇವ್ರ ಹೊಟ್ಟೇಲಿರೋವು ನಮ್ಮ ಔಷಧಿನೆಲ್ಲ ಕಂಡಿರೋವು."

ಅವು ಕಾಣದ ಔಷಧಿ ಇನ್ನೊಂದೇ ಉಳಿದಿತ್ತು. ಅದನ್ನು ಬಾಟಲಿಯಿಂದ ನಿಧಾನಕ್ಕೆ ಹನಿಸಬೇಕು. ಅದೂ ಒಳಗೆ ಹೋಗದಿದ್ದರೆ ಮುಂದೆ ಮಾಡುವುದೇನೂ ಇಲ್ಲವೆಂದರು.

ಆದರೆ ಗುರುವಯ್ಯ ಸೂಜಿ ಕೀಳುತ್ತಿದ್ದ. ಕೈ ಕಟ್ಟಿದರೆ ಬಟ್ಟೆಯನ್ನು ಹಲ್ಲಿನಿಂದ ಹರಿಯುತ್ತಿದ್ದ. ಅವನ ಲೆಕ್ಕದಲ್ಲಿ ಅದು ವಾರ್ಡಲ್ಲ, ಕಾಫಿ ಕಣ. "ಶೇಷಪ್ಪಾ" ಎಂದು ಹಾಜರಿ ಕೂಗುವುದು, ಯಾರೂ ಓಗೊಡದಿದ್ದರೆ ಆಳುಗಳ ಲೈನು ಮನೆಯಿಂದ ಎಬ್ಬಿಸಿ ತರಲು ಏಳುವುದು. ಚುಚ್ಚಲು ಇನ್ನು ನರ ಸಿಗುವುದಿಲ್ಲವೆಂದು ನರ್ಸು ಗೊಣಗಿದಳು.

ಕಾಲ ಬಳಿ ನಿಂತಿದ್ದ ಹೆಂಡತಿ ಸಿದ್ದಮ್ಮ ಮೆಲ್ಲಗೆ ಹೇಳಿದಳು: "ನೀವು ಓಗೊಡಿ ರೈಟ್ರೇ."

"ಶೇಷಪ್ಪ ತೀರಿಹೋಗಿ ಎಷ್ಟು ಕಾಲ ಆಯ್ತು ಸಿದ್ದಮ್ಮ."

"ಅದು ಇವ್ರಿಗೆ ಗೊತ್ತಿಲ್ಲ."

ಉಮೇಶ ಬಾಯಲ್ಲಿ ಎಲೆಯಡಿಕೆ ತುಂಬಿದಂತೆ ಕೆನ್ನೆ ಉಬ್ಬಿಸಿ "ಬಂದೇ" ಅಂದ. ಗುರುವಯ್ಯನ ಕೈ ಹಾಸಿಗೆಗೆ ಬಿತ್ತು. ಔಷಧಿ ಹನಿಯತೊಡಗಿತು. ನಂಜಮ್ಮನ ಹೆಸರು ಬಂತು, ಉಮೇಶ ನಂಜಮ್ಮನಾದ. ಸಿದ್ದಮ್ಮನ ತಾಯಿ ರಾಮಮ್ಮನ ಹೆಸರು ಬಂತು. ಆ ದನಿ ಕೇಳಿದ್ದೇ ಸಿದ್ದಮ್ಮ ಗೋಡೆಗೆ ಮುಖ ಮಾಡಿದಳು. ಕೂಗಿದ ಹೆಸರುಗಳಲ್ಲಿ ಬದುಕಿರುವವರದು ಒಂದೂ ಇಲ್ಲವೆಂಬುದು ಉಮೇಶನಿಗೆ ಆಗ ಹೊಳೆಯಿತು.

"ಮಾರಯ್ಯಾ."

ಮಾರಯ್ಯ ನೆರಳು ಮರದ ಕೊಂಬೆ ಸವರುವಾಗ ಬಿದ್ದು ಸತ್ತದ್ದು ಉಮೇಶ ಕೆಲಸಕ್ಕೆ ಸೇರುವ ಮೊದಲೇ. ಅವನ ದನಿಯನ್ನು ಉಮೇಶ ಕೇಳಿಯೇ ಇರಲಿಲ್ಲ. ಗುರುವಯ್ಯನ ಕೈ ಸೂಜಿಯ ಕಡೆ ಹೊರಟಿತು. ಉಮೇಶ ಏನೋ ಒಂದು ದನಿ ತೆಗೆದ. ಬಂದದ್ದು ತೆಳ್ಳಗೆ, ಮೂಗಿನಿಂದ, ನಡುವೆ ಉಸಿರು ಸಿಕ್ಕಿಕೊಂಡ ದನಿ: "ಬಂ... ದೆ ಗುರುವ."

ಗುರುವಯ್ಯನ ಮುಖ ಅರಳಿತು. ಸಿದ್ದಮ್ಮ ಗಕ್ಕನೆ ತಿರುಗಿದಳು.

"ಮಾರಯ್ಯಣ್ಣನ್ನ ನೀವ್ಯಾವಾಗ ನೋಡಿದ್ರಿ?"

ತಾನು ನೋಡೇ ಇಲ್ಲವೆನ್ನಲು ಉಮೇಶ ಅವಳತ್ತ ತಿರುಗಿದ. ಅಷ್ಟರಲ್ಲಿ ಗುರುವಯ್ಯ ಕಾಲು ಕೆಳಗಿಟ್ಟಿದ್ದ. "ಎಲ್ಲಾ ಬಂದ್ರಲ್ಲ. ಗುಡ್ಡ ಹತ್ತಿ, ನಾನೂ ಬಂದೆ."

ಬಾಟಲಿ ಇನ್ನೂ ಅರ್ಧ ಇತ್ತು. ಅವನನ್ನು ಕರೆದೊಯ್ಯುವವರನ್ನೆಲ್ಲ ತಾನೇ ಒಟ್ಟು ಸೇರಿಸಿದೆನಲ್ಲ ಎಂದು ಉಮೇಶ ನಡುಗಿದ. ತನ್ನ ದನಿಯಲ್ಲಿ "ಮೇಸ್ತ್ರಿ, ಮಲಗಿ" ಅಂದರೆ ಅದು ಅವನ ಕಿವಿಗೆ ಬೀಳಲೇ ಇಲ್ಲ. ಕಡೆಗೆ ಆ ಮೂಗಿನ ದನಿಗೇ ಗಂಟಲು ಬಿಟ್ಟುಕೊಟ್ಟ.

"ನೀ ಬರ್ಬೇಡ ಗುರುವ. ಇವತ್ತು ನಿಂಗೆ ಕೆಲಸ ಇಲ್ಲ."

ಗುರುವಯ್ಯ ನೊಂದವನಂತೆ ಕೂತ. "ಹೌದಾ" ಎಂದು ಮೆಲ್ಲಗೆ ಹೇಳಿ, ಕಾಲು ಮೇಲೆಳೆದುಕೊಂಡು ಮಲಗಿದ. ಬಾಟಲಿ ಬರಿದಾಗುವವರೆಗೂ ಅಲುಗಲಿಲ್ಲ.

ಮುಂದಿನ ಬಾಟಲಿಗಳನ್ನು ತಡೆಯುವವರಿರಲಿಲ್ಲ. ಜ್ವರ ಇಳಿಯಿತು. ಒಂದು ಬೆಳಿಗ್ಗೆ ಗುರುವಯ್ಯ ಸಿದ್ದಮ್ಮನ ಹತ್ತಿರ ನೀರು ಕೇಳಿ ಕುಡಿದು, ಉಮೇಶನನ್ನು ಗುರುತು ಹಿಡಿದ.

"ರೈಟ್ರೇ, ಕೊಯ್ಲು ಮುಗೀತಾ?"

ಹೇಳಬೇಕಾದ್ದು ಒಂದೇ ಮಾತು. ಅದು ಯಾರ ದನಿಯಲ್ಲಿ ಹೊರಡುತ್ತದೋ ತಿಳಿಯದೆ, ಉಮೇಶ ತುಟಿ ಬಿಗಿಹಿಡಿದು ತಲೆಯಾಡಿಸಿದ.