ಇದು ನಮ್ಮ ವಿಳಾಸ, ಬರೆದುಕೊಳ್ಳಿ

ಬಸುರಿ ಸೊಸೆಗೆ ಏಳು ತಿಂಗಳು. ಕಾಲು ಊದಿತ್ತು, ಬೆಳಗಿನಿಂದ ತಲೆನೋವು ಬೇರೆ. ಆಸ್ಪತ್ರೆಯ ಗುಮಾಸ್ತ ಮಾತ್ರ ಮುಖ ಕೂಡ ನೋಡದೆ ಹೇಳಿದ: "ತಪಾಸಣೆಗೆ ಬನ್ನಿ ಅಂತ ಎರಡು ಸಲ ಕಾಗದ ಹಾಕಿದ್ವಿ. ನೀವು ಬರಲಿಲ್ಲ. ಪಟ್ಟಿಯಿಂದ ಹೆಸರು ತೆಗೆದಿದ್ದೀವಿ."

ಕಾಗದ ಬರುವುದಾದರೂ ಹೇಗೆ? ವಲಸೆ ಬಂದವರು ತಾವಿರುವ ಮನೆಯ ವಿಳಾಸ ಕೊಟ್ಟರೆ ಊರು ಬಿಡಿಸಲು ಅಧಿಕಾರಿಗಳು ಬಂದು ಬಾಗಿಲು ತಟ್ಟುತ್ತಾರೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ಅದನ್ನು ನಂಬಿ ಅತ್ತೆಯೇ ತನ್ನ ತಂಗಿಯ ಹಳೇ ವಿಳಾಸ ಬರೆಸಿದ್ದಳು. ತಂಗಿ ಆ ಮನೆ ಬಿಟ್ಟು ವರ್ಷವಾಗಿತ್ತು!

ಸೊಸೆಯನ್ನು ಮನೆಗೆ ಬಿಟ್ಟು ಅತ್ತೆ ಲಾಂಡ್ರಿ ಕೆಲಸಕ್ಕೆ ಓಡಿದಳು. ಅಲ್ಲಿ ಜೊತೆಗೆ ಕೆಲಸ ಮಾಡುವ ಇಸ್ತ್ರಿ ಅಕ್ಕ ಕಾಯುತ್ತಿದ್ದಳು. ಅವಳು ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಇಬ್ಬರೂ ಹೊದಿಕೆಯ ಎರಡೆರಡು ಮೂಲೆ ಹಿಡಿದು ಮಡಚುತ್ತ ಮಾತಿಗಿಳಿದರು. ಅತ್ತೆ ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

"ಹೋಗ್ಲಿ ಬಿಡಕ್ಕ. ನಮ್ಮೂರಲ್ಲಿ ನಾನೇ ಎಷ್ಟೋ ಹೆರಿಗೆ ಮಾಡಿಸಿದ್ದೀನಿ," ಎಂದಳು ಕೊನೆಗೆ.

"ಕಾಲೂತ, ತಲೆನೋವು ಅಂತೀಯ. ರಕ್ತದೊತ್ತಡ ಏರಿದ್ರೆ ತಾಯಿಗೂ ಮಗೂಗೂ ಕುತ್ತು. ಮನೇಲಿ ಅದನ್ನ ಸೌಟಲ್ಲಿ ಅಳೀತೀಯಾ?"

"ಏನ್ಮಾಡ್ಲಿ? ಹೊರಗಿನಿಂದ ಬಂದೋರು ತಲೆ ತಗ್ಗಿಸ್ಕೊಂಡೇ ಇರಬೇಕು."

"ಅಂತ ಯಾರಂದ್ರು? ಐದು ವರ್ಷದಿಂದ ಈ ಊರಿನ ಕೊಳೆ ತೆಗೀತಿದ್ದೀಯ. ನಿನ್ನ ಕೈಲಿರೋದು ಅದೇ ಆಸ್ಪತ್ರೆ ಹೊದಿಕೆ! ಅದನ್ನ ಹೊದ್ದುಕೊಳ್ಳೋಕೆ ನಿನ್ನ ಸೊಸೆಗೆ ಹಕ್ಕಿಲ್ವಾ?"

ಅತ್ತೆಗೆ ರೇಗಿತು. ಇಸ್ತ್ರಿ ಅಕ್ಕನ ಮೇಲಲ್ಲ, ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ತನ್ನ ಮೇಲೆ.

"ಇವತ್ತು ಬುಧವಾರ ಅಲ್ವಾ?" ಎಂದಳು ಇಸ್ತ್ರಿ ಅಕ್ಕ. "ಬುಧವಾರ ಬುಧವಾರ ಗ್ರಂಥಾಲಯದಲ್ಲಿ ಆಸ್ಪತ್ರೆ ನರ್ಸು, ಶಾಲೆ ಟೀಚರು, ನಮ್ಮ ಮಹಿಳಾ ಸಂಘದೋರು ಸಹಾಯಕ್ಕೆ ಅಂತ ಒಂದೇ ಮೇಜಿಗೆ ಕೂತಿರ್ತಾರೆ. ನಿಮ್ಮ ಭಾಷೆ ಬಲ್ಲೋಳೂ ಇರ್ತಾಳೆ. ಇವರು ನಮ್ಮ ಬೀದಿಯವರೇ ಅಂತ ಸಂಘ ಪತ್ರ ಕೊಡುತ್ತೆ. ಅಲ್ಲಿ ಕೊಟ್ಟ ವಿಳಾಸ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಹೋಗಲ್ಲ. ನಡಿ, ಸೊಸೇನ ಕರ್ಕೊಂಡು ಈಗಲೇ ಹೋಗೋಣ."

ಗ್ರಂಥಾಲಯದಲ್ಲಿ ನರ್ಸ್, ಹೆಸರು ಕೇಳುವ ಮೊದಲೇ, ಸೊಸೆಯ ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಕಟ್ಟಿದಳು. ಒತ್ತಡ ಏರಿತ್ತು. ಸಂಘದ ಪತ್ರ ಹಿಡಿದು ಎಲ್ಲರೂ ಆಸ್ಪತ್ರೆಗೆ ಧಾವಿಸಿದರು. ಮತ್ತೆ ಅದೇ ಗುಮಾಸ್ತ.

"ವಿಳಾಸ?"

ಸೊಸೆ ಹೆದರಿ ಚಿಕ್ಕತ್ತೆಯ ಮನೆಯದ್ದನ್ನೇ ಹೇಳತೊಡಗಿದಳು. ಅತ್ತೆ ಮೇಜಿನ ಮೇಲೆ ಅಂಗೈ ಬಡಿದಳು.

"ಅದಲ್ಲ! ಲಾಂಡ್ರಿ ಎದುರು, ಹನ್ನೆರಡನೇ ನಂಬರು, ಮೂರನೇ ಮಹಡಿ. ಬರ್ಕೊಳ್ಳಿ! ಬಾಗಿಲು ತಟ್ಟೋರು ತಟ್ಟಲಿ, ನಾನೇ ತೆಗೀತೀನಿ. ಡಾಕ್ಟರು ನೋಡೋವರೆಗೂ ನಾವು ಇಲ್ಲಿಂದ ಕದಲಲ್ಲ!"

ಇಸ್ತ್ರಿ ಅಕ್ಕ ಪಕ್ಕಕ್ಕೆ ಬಂದು ನಿಂತಳು. "ನಾನೂ ಕದಲಲ್ಲ," ಎಂದಳು. ಗುಮಾಸ್ತ ಬರೆದುಕೊಂಡ.

ಸೊಸೆಗೆ ಅಂದೇ ಚಿಕಿತ್ಸೆ ಶುರುವಾಯಿತು. ಇನ್ನೆರಡು ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಡಾಕ್ಟರು ಬಿಡಿಸಿ ಹೇಳಿದಾಗ ಅತ್ತೆ ಸೊಸೆಯ ಕೈ ಹಿಡಿದು ಅತ್ತಳು. ಈಗ ಮೊಮ್ಮಗಳಿಗೆ ಮೂರು ತಿಂಗಳು, ಲಸಿಕೆಯ ಕಾಗದ ತಪ್ಪದೆ ಮನೆಗೇ ಬರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನೀವು ಎಲ್ಲಿಂದಲೇ ಬಂದಿರಿ, ಗಾಳಿಮಾತು ನಂಬಿ ಆಸ್ಪತ್ರೆಯಿಂದ ಅಡಗಬೇಡಿ. ಇಂಥ ಸಹಾಯದ ಮೇಜು ಎಲ್ಲಿದೆ ಎಂದು ಇಂದೇ ಕೇಳಿ. ಮೊದಲಿನಿಂದ ಇಲ್ಲೇ ಇರುವವರೇ, ನಿಮ್ಮ ಬೀದಿಯಲ್ಲಿ ಅಂಥದ್ದಿಲ್ಲವೇ? ಆಸ್ಪತ್ರೆ, ಶಾಲೆ, ಸಂಘದವರನ್ನು ಕರೆದು ನೀವೇ ಹಾಕಿಸಿ. "ಅವರು ಹೊರಗಿನವರು" ಎಂದು ಯಾರಾದರೂ ಬಾಯಿ ಮಾಡಿದರೆ ಸುಮ್ಮನಿರಬೇಡಿ. "ನಮ್ಮ ನೆರೆಮನೆಯವರು" ಎಂದು ಮುಖಕ್ಕೆ ಹೇಳಿ, ಜೊತೆಗೆ ನಿಲ್ಲಿ.