ಯಾವ ಕದೇಶ್?

ಊರಬಾಗಿಲಲ್ಲಿ ಕುಳಿತ ಮುದುಕ, ಓಡಿಬಂದಿದ್ದ ಯುವಕ ಏನಾನನ ಮಾತನ್ನೆಲ್ಲ ಕೇಳಿಸಿಕೊಂಡ. ಮರ ಕಡಿಯುವಾಗ ಕೊಡಲಿಯ ಅಲಗು ಹಿಡಿಯಿಂದ ಕಳಚಿ ಹಾರಿ ಪಕ್ಕದ ಮನೆಯ ಹೆಲೆಕನಿಗೆ ಬಡಿದದ್ದು, ಅವನು ಸತ್ತದ್ದು, ಅವನ ಅಣ್ಣ ಶಲ್ಲೂಮ್ ರಕ್ತಕ್ಕೆ ರಕ್ತ ಕೇಳಿ ಬೆನ್ನಟ್ಟಿ ಬರುತ್ತಿರುವುದು.

"ಅದಕ್ಕೆ ಇಲ್ಲಿಗ್ಯಾಕೆ ಬಂದ್ರಿ?"

"ಕೈತಪ್ಪಿ ಕೊಂದವನು ಕದೇಶಿನ ಬಾಗಿಲು ದಾಟಿದ್ರೆ ಯಾರೂ ಮುಟ್ಟೋ ಹಾಗಿಲ್ವಲ್ಲಪ್ಪ," ಎಂದಳು ಏನಾನನ ತಾಯಿ ಮಿಲ್ಕಾ.

"ಅಯ್ಯೋ ತಾಯಿ, ಅದು ಬೆಟ್ಟದ ಕದೇಶ್. ಬಡಗಲಿಗೆ ಮೂರು ದಿನದ ದಾರಿ. ಇದು ಬಯಲಿನದು. ಒಂದು ಕಲ್ಲಿಗೆ ಎಣ್ಣೆ ಹಚ್ಚಿದ ಕಡೆಯೆಲ್ಲ ನಮ್ಮ ಹಿರಿಯರು 'ಕದೇಶ್', ಅಂದ್ರೆ 'ಪವಿತ್ರ', ಅಂತ ಹೆಸರಿಟ್ಟು ಹೋದ್ರು. ಎಷ್ಟು ಕದೇಶ್ ಅಂತ ನೆನಪಿಡೋದು!"

ಮಿಲ್ಕಾಳಿಗೆ ಅಳು ಕೂಡ ಬರಲಿಲ್ಲ. ಅಂಗಾಲಿನ ಬೊಬ್ಬೆಗಳು ಒಡೆದಿದ್ದವು. ಗಂಡ ಸತ್ತ ಮೇಲೆ ಬೀಸಿ, ಹೊತ್ತು, ಸಾಕಿದ ಮಗ, ಈಗ ಎದೆಯೆತ್ತರ ಬೆಳೆದು ನಿಂತು "ಏನ್ಮಾಡ್ಲಮ್ಮಾ?" ಎನ್ನುತ್ತಾನೆ.

"ನಡಿ, ಬೆಟ್ಟದ ಕದೇಶಿಗೆ. ನಾನಿದ್ರೆ ನಿಂಗೆ ಕಾಲಿಗೆ ಕಟ್ಟಿದ ಗುಂಡು. ಹಿಂದೆ ತಿರುಗಿ ನೋಡ್ಬೇಡ."

ಅವನು ಆಲಿವ್ ತೋಪಿನಾಚೆ ಮರೆಯಾದ. ಅವಳು ಗೋಡೆಗೊರಗಿ ಕುಳಿತಳು.

ಹೊತ್ತು ಇಳಿಯುವಾಗ ಶಲ್ಲೂಮ್ ಬಂದ. ತುಟಿ ಒಣಗಿತ್ತು, ಕೈಯಲ್ಲಿ ಕತ್ತಿಯಿತ್ತು.

"ಚಿಕ್ಕಮ್ಮಾ, ಇದು ಕದೇಶ್ ತಾನೆ?"

ಮುದುಕ ಗಡ್ಡ ಕೆರೆಯುತ್ತ ತೋಪಿನ ಕಡೆ ಮುಖ ತಿರುಗಿಸಿದ.

"ಹೌದು ಕಣಪ್ಪ. ಕದೇಶೇ," ಎಂದಳು ಮಿಲ್ಕಾ.

"ಅವನ್ನ ಒಳಗೆ ಸೇರಿಸಿಬಿಟ್ಟೆಯಾ?"

"ನಾನೊಬ್ಬಳೇ ಕೂತಿರೋದು ಕಾಣಲ್ವಾ?"

ಶಲ್ಲೂಮ್ ಬಾಗಿಲನ್ನೇ ನೋಡಿದ. ಆಮೇಲೆ ಕತ್ತಿಯನ್ನು ಮಣ್ಣಿಗೆ ಚುಚ್ಚಿ ಕುಸಿದು ಕುಳಿತ. "ಹೊರಗೆ ಬರ್ಲೇಬೇಕಲ್ಲ ಒಂದಿನ. ಕಾಯ್ತೀನಿ. ನೀರಿದೆಯಾ?"

ಅವಳು ಚರ್ಮದ ಚೀಲ ಕೊಟ್ಟಳು. ಅವನು ಗಟಗಟನೆ ಕುಡಿದ. ಇವನು ಎದ್ದು ಊರೊಳಗೆ ಒಬ್ಬರನ್ನು ವಿಚಾರಿಸಿದರೂ ಸಾಕು, ಎಲ್ಲ ಮುಗಿಯಿತು. ಮೂರು ದಿನ ಇವನನ್ನು ಇಲ್ಲೇ ಕೂರಿಸಬೇಕು. ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಹೆಲೆಕ್ ಚಿಕ್ಕವನಿದ್ದಾಗ ಹೇಗಿದ್ದ, ಮಗಾ?" ಎಂದು ಕೇಳಿದಳು.

ಶಲ್ಲೂಮ್ ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟ. ಆಮೇಲೆ, "ಮೇಕೆ ಕಂಡ್ರೆ ಹೆದರ್ತಿದ್ದ," ಎಂದು ಶುರುಮಾಡಿದ. ಅವಳು ತೊಡೆ ಚಿವುಟಿಕೊಳ್ಳುತ್ತ, ಒಂದೂ ಮಾತು ಬಿಡದೆ, ಹೂಂಗುಟ್ಟುತ್ತ ಕೇಳತೊಡಗಿದಳು.